ಚುಕ್ಕಾಣಿ ಇಲ್ಲದ ಬೋಟಿಗೆ ಯಾವ ಫಿನ್?

ಗೋಕಾಕ ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಎರಡೇ ಪ್ರಶ್ನೆ. ಒಂದು, "ಕರದಂಟು ತಂದ್ರಾ?" ಇನ್ನೊಂದು ಕನ್ನಡ ಸಂಘದವರದ್ದು, "ಗೋಕಾಕ್ ಚಳವಳಿ ನಡೆದದ್ದು ನಿಮ್ಮೂರಲ್ಲೇ ಅಲ್ವಾ?" ಅಲ್ಲ ಸ್ವಾಮಿ. ಆ ಹೆಸರು ಬಂದದ್ದು ವಿ.ಕೃ. ಗೋಕಾಕರ ಸಮಿತಿಯ ವರದಿಯಿಂದ, ಊರಿಂದಲ್ಲ. ನಮ್ಮೂರಿನ ಬಗ್ಗೆ ಮೂರನೇ ಪ್ರಶ್ನೆ ಯಾರೂ ಕೇಳೋದಿಲ್ಲ. ಆಗಸ್ಟ್ ತಿಂಗಳಲ್ಲಿ ಮಾತ್ರ ಟಿವಿಯಲ್ಲಿ ಲೋಳಸೂರ ಸೇತುವೆ ಮುಳುಗಿದ್ದು ನೋಡಿ, "ಮನೆಯಲ್ಲಿ ಎಲ್ಲಾ ಸೇಫಾ?" ಅಂತ ಮೆಸೇಜ್ ಬರುತ್ತೆ.

ನಾವು ಮೂವರು ಒಂದೇ ಬ್ಯಾಚ್. ಒಬ್ಬ ಗೋಕಾಕದವನು, ಒಬ್ಬ ಮೂಡಲಗಿ ಕಡೆಯವನು, ಒಬ್ಬಳು ಹುಕ್ಕೇರಿಯವಳು. ಮೂರೂ ತಾಲ್ಲೂಕಿಗೆ ಘಟಪ್ರಭೆಯೇ ಹೊಳೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಡ್ಯಾಮಿನಿಂದ ಬಿಟ್ಟ ನೀರು, ಅದರ ಜೊತೆಗೆ ಹಿರಣ್ಯಕೇಶಿ, ಮಾರ್ಕಂಡೇಯ ಎರಡೂ ಸೇರಿ ಗೋಕಾಕಕ್ಕೆ ಬಂದು, ಆಮೇಲೆ ಮೂಡಲಗಿ ತಾಲ್ಲೂಕಿನ ಸುಣಧೋಳಿ, ಅವರಾದಿ ಸೇತುವೆಗಳ ಮೇಲೆ ಹತ್ತಿ ಮುಂದೆ ಹೋಗುತ್ತೆ. ಅಂದ್ರೆ ಹುಕ್ಕೇರಿಯವಳ ಫೋನ್ ಬಂದ ಮೇಲೆ ಗೋಕಾಕದವನ ಮನೆಯಲ್ಲಿ ಸಾಮಾನು ಅಟ್ಟಕ್ಕೆ ಏರುತ್ತೆ, ಆಮೇಲೆ ಮೂಡಲಗಿಯವನ ಮನೆಯಲ್ಲಿ ಎಮ್ಮೆ ಬಿಚ್ಚುತ್ತಾರೆ. ನಮ್ಮ ಗೆಳೆತನ ಶುರುವಾಗಿದ್ದೇ ಹೀಗೆ. ಮೂವರೂ ಇಂಗ್ಲಿಷ್ ಮೀಡಿಯಂ ಆದ್ದರಿಂದ ಒತ್ತಕ್ಷರ ತಪ್ಪಿದ್ರೆ ಸಂಪಾದಕರು ತಿದ್ದಿರ್ತಾರೆ ಅನ್ನೋ ಧೈರ್ಯದ ಮೇಲೆ ಇದನ್ನ ಬರೀತಿದ್ದೀವಿ.

ವಿಷಯ ಏನಂದ್ರೆ, ಹೋದ ರಜೆಯಲ್ಲಿ ಊರಿನ ಒಂದು ಯುವಕ ಮಂಡಳಿಯವರು ನಮ್ಮನ್ನ ಕರೆದು ಕೂರಿಸಿಕೊಂಡರು. ಗಣಪತಿ ವಂತಿಗೆಯಲ್ಲಿ ಉಳಿದ ದುಡ್ಡು, ಜೊತೆಗೆ ಒಂದಷ್ಟು ದೇಣಿಗೆ ಸೇರಿಸಿ, ಹೊಳೆ ಬಂದಾಗ ಜನರನ್ನ ದಾಟಿಸೋಕೆ ಒಂದು ಬೋಟ್ ತಗೋಬೇಕು ಅನ್ನೋದು ಅವರ ವಿಚಾರ. 2019ರ ಆಗಸ್ಟ್ ಯಾರೂ ಮರೆತಿಲ್ಲ. ಘಟಪ್ರಭೆ, ಮಾರ್ಕಂಡೇಯ ಎರಡೂ ಒಟ್ಟಿಗೆ ಉಕ್ಕಿ ಊರೊಳಗೇ ನೀರು ನಿಂತ ವರ್ಷ ಅದು. ಆಗ ನಾವು ಹೈಸ್ಕೂಲ್ ಮೆಟ್ಟಿಲೂ ಹತ್ತಿರಲಿಲ್ಲ. ಮಾಳಿಗೆ ಮೇಲೆ ನಿಂತು ನೀರು ನೋಡಿದ್ದು ಮಾತ್ರ ಇನ್ನೂ ಕಣ್ಣಲ್ಲಿದೆ. 2021ರಲ್ಲಿ, 2024ರಲ್ಲಿ ಮತ್ತೆ ಲೋಳಸೂರ ಸೇತುವೆ ಮುಳುಗಿತು. ಸರ್ಕಾರದ ಬೋಟು ಬರೋದರೊಳಗೆ ನಮ್ಮದೇ ಒಂದು ಇರಲಿ ಅಂತ ಅವರಿಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ.

ಅವರಿಗೆ ಸಿಕ್ಕಿದ್ದು ಒಂದು ಸೆಕೆಂಡ್ ಹ್ಯಾಂಡ್ ಜೆಟ್ ಬೋಟ್. ಸಮುದ್ರದ ದಂಡೆಯಲ್ಲಿ ಪ್ರವಾಸಿಗರನ್ನ ತಿರುಗಿಸುತ್ತಿದ್ದದ್ದು, ಐದಾರು ಜನ ಕೂರಬಹುದು. ಅಡ್ವಾನ್ಸ್ ಕೊಟ್ಟಾಗಿತ್ತು. ಓಡಿಸಿ ನೋಡಿ ಬಂದವರು ಒಂದೇ ದೂರು ಹೇಳಿದರು: ನಿಧಾನಕ್ಕೆ ಹೋಗುವಾಗ ಬೋಟು ಕುಡಿದವರ ಹಾಗೆ ಅತ್ತಿತ್ತ ಓಲಾಡುತ್ತೆ, ದಂಡೆ ಹತ್ತಿರ ಬಂದಾಗ ಮಾತೇ ಕೇಳೋದಿಲ್ಲ. ಮಾರುವವನು ಸಮಾಧಾನ ಹೇಳಿದ್ದ. "ಹಿಂದ ಎರಡ ಸ್ಟೀರಿಂಗ್ ಫಿನ್ ಹಾಕಿಸ್ರಿ, ಎಲ್ಲಾ ಸರಿ ಆಕ್ಕೈತಿ." ಅದಕ್ಕೇ ನಮ್ಮನ್ನ ಕರೆದದ್ದು. "ನೀವ ಇಂಜಿನಿಯರಿಂಗ್ ಓದಾಕತ್ತೀರಲ್ಲಾ, ಯಾವ ಫಿನ್ ಚೊಲೋ ಅಂತ ಆರಿಸಿ ಹೇಳ್ರಿ."

ನಾವು ತಲೆ ಆಡಿಸಿ ಬಂದ್ವಿ. ಆಗ ನಮಗೆ ಗೊತ್ತಿದ್ದದ್ದು ಇಷ್ಟೇ: ಫಿನ್ ಅಂದ್ರೆ ಮೀನಿನ ರೆಕ್ಕೆ.

ಮೊದಲು ಈ ಬೋಟು ಯಾಕೆ ಮಾತು ಕೇಳೋದಿಲ್ಲ ಅನ್ನೋದು ತಿಳೀಬೇಕು. "ಚುಕ್ಕಾಣಿ" ಅನ್ನೋ ಪದ ನಮಗೆಲ್ಲಾ ಪರಿಚಯ ಪೇಪರಿನ ಹೆಡ್‌ಲೈನ್‌ನಿಂದ. ಪಕ್ಷದ ಚುಕ್ಕಾಣಿ ಹಿಡಿದರು, ರಾಜ್ಯದ ಚುಕ್ಕಾಣಿ ಕೈತಪ್ಪಿತು ಅಂತ. ನಿಜವಾದ ಚುಕ್ಕಾಣಿ ಅಂದ್ರೆ ದೋಣಿಯ ಹಿಂದೆ ನೀರಿನಲ್ಲಿ ಇಳಿಬಿಟ್ಟ ಹಲಗೆ. ಅದನ್ನ ತಿರುಗಿಸಿದ್ರೆ ಹರಿದು ಬರುವ ನೀರು ಅದಕ್ಕೆ ಬಡಿದು ದೋಣಿಯ ಹಿಂಭಾಗ ಪಕ್ಕಕ್ಕೆ ಸರಿಯುತ್ತೆ. ಜೆಟ್ ಬೋಟಿಗೆ ಅದೇ ಇಲ್ಲ. ತಳದಲ್ಲಿರುವ ಜಾಲರಿಯಿಂದ ನೀರು ಒಳಗೆ ಎಳೆದುಕೊಂಡು, ಇಂಪೆಲ್ಲರ್ ಅದನ್ನ ಹಿಂದಿನ ನಾಝಲ್‌ನಿಂದ ಜೋರಾಗಿ ಉಗುಳುತ್ತೆ. ಸ್ಟೀರಿಂಗ್ ತಿರುಗಿಸಿದ್ರೆ ನಾಝಲ್ ತಿರುಗುತ್ತೆ, ಅಷ್ಟೆ. ನಮ್ಮ ಫಾಲ್ಸ್‌ನ ನೀರು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಟರ್ಬೈನ್ ತಿರುಗಿಸಿ ಗೋಕಾಕ ಮಿಲ್ಲಿನ ಯಂತ್ರ ಓಡಿಸಿತ್ತಲ್ಲ, ಇದು ಅದರ ಉಲ್ಟಾ. ಅಲ್ಲಿ ನೀರು ಯಂತ್ರ ತಿರುಗಿಸಿತು, ಇಲ್ಲಿ ಯಂತ್ರ ನೀರನ್ನ ದೂಡುತ್ತೆ.

ಇದರಲ್ಲಿರುವ ಎಡವಟ್ಟು ಏನಂದ್ರೆ, ನಾಝಲ್‌ನಿಂದ ನೀರು ಬರ್ತಿದ್ರೆ ಮಾತ್ರ ತಿರುವು. ಥ್ರಾಟಲ್ ಬಿಟ್ಟರೆ ನೀರು ನಿಲ್ಲುತ್ತೆ, ತಿರುವೂ ಹೋಗುತ್ತೆ. ಆದ್ರೆ ಬೋಟು ನಿಲ್ಲಲ್ಲ, ಬಂದ ವೇಗದಲ್ಲಿ ನೆಟ್ಟಗೆ ಜಾರುತ್ತೆ. ಬೈಕಿನಲ್ಲಿ ಎದುರಿಗೆ ನಾಯಿ ಬಂದ್ರೆ ನಾವೇನು ಮಾಡ್ತೀವಿ? ಎಕ್ಸಲರೇಟರ್ ಬಿಟ್ಟು ಹ್ಯಾಂಡಲ್ ತಿರುಗಿಸ್ತೀವಿ. ಕೈಗೆ ಅದೇ ಅಭ್ಯಾಸ. ಜೆಟ್ ಬೋಟಿನಲ್ಲಿ ಅದೇ ಅಭ್ಯಾಸ ನಮ್ಮನ್ನ ನೇರವಾಗಿ ಗೋಡೆಗೆ ಒಯ್ಯುತ್ತೆ. ತಿರುಗಬೇಕು ಅಂದ್ರೆ ಹೆದರಿದ ಹೊತ್ತಿನಲ್ಲೂ ಥ್ರಾಟಲ್ ಕೊಡಬೇಕು. ಕೇಳೋಕೆ ಸುಲಭ.

ಇದು ನಾವು ಕಂಡುಹಿಡಿದ ಸಂಗತಿ ಏನಲ್ಲ. ಜೆಟ್ ಸ್ಕೀಗಳು ಹೆಚ್ಚಾದ ಮೇಲೆ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 1998ರಲ್ಲಿ ಅವುಗಳ ಅಪಘಾತಗಳ ಅಧ್ಯಯನ ಮಾಡಿ, ಥ್ರಾಟಲ್ ಬಿಟ್ಟಾಗ ಸ್ಟೀರಿಂಗ್ ಇಲ್ಲದಿರೋದನ್ನ ತಯಾರಕರು ಸರಿಪಡಿಸಬೇಕು ಅಂತ ಹೇಳಿತು. ಸೀ ಡೂ ಕಂಪನಿ ತನ್ನ ಕೆಲವು ಮಾದರಿಗಳಿಗೆ ಎರಡು ಪಕ್ಕದ ರೆಕ್ಕೆ ಕೂಡಿಸಿತು. ಪಂಪಿನ ಒತ್ತಡ ಇರುವವರೆಗೆ ಮೇಲೆ ಇರ್ತವೆ, ಥ್ರಾಟಲ್ ಬಿಟ್ಟು ಒತ್ತಡ ಇಳಿದ ಕೂಡಲೇ ಕೆಳಗೆ ಬೀಳ್ತವೆ. ಯಮಹಾ ಜೆಟ್ ಬೋಟುಗಳಿಗೆ ನಾಝಲ್‌ನ ಎರಡೂ ಕಡೆ ಬೋಲ್ಟ್ ಮಾಡುವ ಫಿನ್‌ಗಳನ್ನ ಕೋಬ್ರಾ ಜೆಟ್ ಸ್ಟೀರಿಂಗ್‌ನಂಥ ಹೊರಗಿನ ಕಂಪನಿಗಳು ಮಾರ್ತಿವೆ. ನಾಝಲ್ ತಿರುಗಿದ ಹಾಗೆ ಅವೂ ತಿರುಗ್ತವೆ. ಅಂದ್ರೆ ಚುಕ್ಕಾಣಿ ಇಲ್ಲದ ಬೋಟಿಗೆ ಎರಡು ಪುಟ್ಟ ಚುಕ್ಕಾಣಿ. ನಿಧಾನಕ್ಕೆ ಹೋಗುವಾಗಿನ ಓಲಾಟವೂ ಇದರಿಂದ ಕಡಿಮೆ ಆಗುತ್ತೆ. ಮಾರುವವನು ಹೇಳಿದ್ದು ಅಷ್ಟರಮಟ್ಟಿಗೆ ಸುಳ್ಳಲ್ಲ.

ಹಾಗಾದ್ರೆ ದೊಡ್ಡದು ತಗೊಂಡು ಹಾಕಿಬಿಡೋಣ ಅಂತ ನಮಗೂ ಅನ್ನಿಸಿತು. ಮಿನಿ ಪ್ರಾಜೆಕ್ಟಿಗೆ ಇದನ್ನೇ ಹಿಡಿದ್ವಿ. ಎರಡು ಅಡಿ ಉದ್ದದ ಮಾದರಿ ಬೋಟು, ತ್ರೀಡಿ ಪ್ರಿಂಟ್ ಮಾಡಿದ ಪುಟ್ಟ ಜೆಟ್ ಯೂನಿಟ್, ರಿಮೋಟ್. ಪರೀಕ್ಷೆಗೆ ಜಾಗ ಮೂಡಲಗಿಯವನ ಕಾಕಾನ ಹೊಲದ ಕೃಷಿ ಹೊಂಡ. ಫಿನ್ ಇಲ್ಲದೆ ಬಿಟ್ಟಾಗ ಪುಸ್ತಕದಲ್ಲಿ ಹೇಳಿದ ಹಾಗೇ ಆಯ್ತು: ದಂಡೆ ಹತ್ತಿರ ಬಂತು, ಥ್ರಾಟಲ್ ಬಿಟ್ಟು ಎಡಕ್ಕೆ ತಿರುಗಿಸಿದ್ವಿ, ಬೋಟು ನೆಟ್ಟಗೆ ಹೋಗಿ ದಂಡೆಗೆ ಮೂತಿ ಗುದ್ದಿತು. ವರ್ಕ್‌ಶಾಪಿನಲ್ಲಿ ಅಲ್ಯೂಮಿನಿಯಂ ಶೀಟ್ ಕತ್ತರಿಸಿ ಎರಡು ಫಿನ್ ಮಾಡಿ, ನಾಝಲ್‌ಗೆ ಗಟ್ಟಿಯಾಗಿ ಕೂಡಿಸಿ ಮತ್ತೆ ಬಿಟ್ವಿ. ಏನು ಚೆಂದ ತಿರುಗಿತು ಅಂತೀರಿ! ವಿಡಿಯೋ ಮಾಡಿ ಬ್ಯಾಚ್ ಗ್ರೂಪಿಗೆ ಹಾಕಿದ್ದೂ ಆಯ್ತು. ಆ ಖುಷಿಯಲ್ಲಿ ಇನ್ನೊಂದು ಸುತ್ತು ಹಾಕುವಾಗ ಬೋಟು ಹೊಂಡದ ಇಳಿಜಾರಿನ ಮೇಲೆ ಏರಿತು. ಫಿನ್ನಿನ ಚೂಪು ತುದಿ ಹೊಂಡಕ್ಕೆ ಹಾಸಿದ್ದ ಪ್ಲಾಸ್ಟಿಕ್ ಶೀಟನ್ನ ಒಂದು ಗೇಣು ಸೀಳಿತು.

ಕಾಕಾ ಬಂದು ನೋಡಿದರು. ಬೈಯ್ಯಲಿಲ್ಲ, ಅದೇ ಹೆಚ್ಚು ಭಯ. "ಬ್ಯಾಸಿಗ್ಯಾಗ ಈ ನೀರ ಮ್ಯಾಲ ನನ್ನ ಅರ್ಧ ಎಕರೆ ಮೆಣಸಿನಕಾಯಿ ಐತಿ" ಅಂದರು. ಆಮೇಲೆ, "ನಿಮ್ಮ ಬೋಟ ತಿರುಗೂದೇನೋ ತಿರುಗ್ತು, ಖರೆ. ತಳಾ ಹತ್ತಿದ್ರ ಏನ ಮಾಡ್ತದ?" ಶೀಟಿಗೆ ತೇಪೆ ಹಾಕಿಸುವ ಖರ್ಚು ಮೂವರೂ ಹಂಚಿಕೊಂಡ್ವಿ. ಮಿನಿ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಆ ಖರ್ಚನ್ನ "ಇತರೆ" ಅಂತ ತೋರಿಸಿದ್ದೀವಿ.

ಕಾಕಾ ಕೇಳಿದ ಪ್ರಶ್ನೆ ಯಾವ ಕ್ಯಾಟಲಾಗಿನಲ್ಲೂ ದೊಡ್ಡ ಅಕ್ಷರದಲ್ಲಿ ಇರೋದಿಲ್ಲ. ಜೆಟ್ ಬೋಟು ಹುಟ್ಟಿದ್ದೇ ತೆಳು ನೀರಿಗಾಗಿ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಇದನ್ನ ರೂಢಿಗೆ ತಂದದ್ದು, ಅಲ್ಲಿನ ಕಲ್ಲುಗುಂಡಿನ ತೆಳು ಹೊಳೆಗಳಲ್ಲಿ ಪ್ರೊಪೆಲ್ಲರ್ ಮುರೀತಿತ್ತು ಅಂತ. 1960ರಲ್ಲಿ ಅವರ ಬೋಟುಗಳು ಕೊಲೊರಾಡೊ ನದಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಒಳಗೆ ಪ್ರವಾಹಕ್ಕೆ ಎದುರಾಗಿ ಹತ್ತಿ ಹೋದವು. ತಳದ ಕೆಳಗೆ ಏನೂ ಚಾಚಿಕೊಂಡಿಲ್ಲ ಅನ್ನೋದೇ ಅದರ ದೊಡ್ಡಸ್ತಿಕೆ. ಅದರ ಕೆಳಗೆ ನಾವು ಎರಡು ಗಟ್ಟಿ ತಗಡು ಇಳಿಬಿಟ್ಟರೆ, ಯಾವ ಗುಣಕ್ಕೆ ಅದನ್ನ ಕೊಂಡ್ವೋ ಆ ಗುಣವನ್ನೇ ಕಿತ್ತುಕೊಂಡ ಹಾಗೆ. ನಮ್ಮ ಹೊಳೆ ಬಂದಾಗ ನೀರಿನ ಕೆಳಗೆ ಏನಿರುತ್ತೆ? ಕಾಂಪೌಂಡ್ ಗೋಡೆ, ತಂತಿ ಬೇಲಿ, ಪಂಪ್‌ಸೆಟ್ಟಿನ ಪೈಪು, ಬಾವಿ ಕಟ್ಟೆ, ಯಾರದೋ ಟ್ರಾಲಿ. ಅಮೆರಿಕದ ಸರೋವರದಲ್ಲಿ ವೀಕೆಂಡ್ ಸುತ್ತುವವನಿಗೆ ಬೇಕಾದ ಫಿನ್ ಬೇರೆ, ಲೋಳಸೂರಿನಲ್ಲಿ ಮನೆ ಹಿತ್ತಲಿಗೆ ಹೋಗಬೇಕಾದವನಿಗೆ ಬೇಕಾದ ಫಿನ್ ಬೇರೆ. ಆದ್ದರಿಂದ ನಮ್ಮ ಮೊದಲ ಅಭಿಪ್ರಾಯ: ತಾಗಿದ ಕೂಡಲೇ ಹಿಂದಕ್ಕೆ ಮಡಚಿ, ಆಮೇಲೆ ತಾನೇ ಇಳಿಯುವ ಫಿನ್ ಮಾತ್ರ. ಗಟ್ಟಿಯಾಗಿ ಕೂತದ್ದು ಎಷ್ಟೇ ಸೋವಿ ಇದ್ರೂ ಬೇಡ.

ಮಡಚುವುದರಲ್ಲೂ ಒಂದು ತೊಡಕಿದೆ. ಎರಡನೇ ಸಲ ಫಿನ್‌ಗೆ ಪುಟ್ಟ ಹಿಂಜ್ ಹಾಕಿ, ಹುಕ್ಕೇರಿಯವಳ ಹೇರ್‌ಬ್ಯಾಂಡ್ ಕಟ್ಟಿದ್ವಿ, ಸ್ಪ್ರಿಂಗ್ ಬದಲಿಗೆ. ಬೋಟು ಜೋರಾಗಿ ಓಡುವಾಗ ನೀರಿನ ಒತ್ತಡಕ್ಕೆ ಫಿನ್ ಮೇಲೇಳ್ತಿತ್ತು. ಪರವಾಗಿಲ್ಲ, ಆಗ ಜೆಟ್ಟೇ ತಿರುಗಿಸುತ್ತಲ್ಲ ಅಂದುಕೊಂಡ್ವಿ. ಆದ್ರೆ ಥ್ರಾಟಲ್ ಬಿಟ್ಟ ಮೊದಲ ಕ್ಷಣದಲ್ಲಿ ವೇಗ ಇನ್ನೂ ಹಾಗೇ ಇರುತ್ತೆ, ಫಿನ್ ಇನ್ನೂ ಮೇಲೇ ಇರುತ್ತೆ. ವೇಗ ಸತ್ತ ಮೇಲೆ ಸಾವಕಾಶ ಕೆಳಗಿಳಿದು, "ಕರೆದ್ರಾ?" ಅಂತ ಕೇಳಿದ ಹಾಗೆ. ಸೀ ಡೂನವರು ತಮ್ಮ ರೆಕ್ಕೆಯನ್ನ ಬೋಟಿನ ವೇಗಕ್ಕೆ ಬಿಡದೆ ಪಂಪಿನ ಒತ್ತಡಕ್ಕೆ ಯಾಕೆ ಕಟ್ಟಿದರು ಅಂತ ನಮಗೆ ಅರ್ಥವಾಗಿದ್ದು ಆಗ, ಹೊಂಡದ ದಂಡೆ ಮೇಲೆ ಕೂತಾಗ. ಕೊಳ್ಳುವ ಫಿನ್‌ನಲ್ಲಿ ಸ್ಪ್ರಿಂಗ್ ಎಷ್ಟು ಬಿಗಿ ಅನ್ನೋದನ್ನ ಕೈಯಲ್ಲಿ ಒತ್ತಿ ನೋಡಬೇಕು: ಬರೀ ನೀರಿಗೆ ಏಳಬಾರದು, ಕಲ್ಲಿಗೆ ಏಳಬೇಕು.

ಈಗ ಲೆಕ್ಕಕ್ಕೆ ಬರೋಣ. ಫ್ಲೂಯಿಡ್ ಮೆಕ್ಯಾನಿಕ್ಸ್ ಇಂಟರ್ನಲ್ಸ್‌ನಲ್ಲಿ ನಮಗೆ ಬಂದ ಮಾರ್ಕ್ಸ್ ಇಲ್ಲಿ ಹೇಳೋದಿಲ್ಲ, ಆದ್ರೆ ಈ ಒಂದು ಸೂತ್ರ ಈಗ ನಿದ್ದೆಯಲ್ಲೂ ಬರುತ್ತೆ. ಫಿನ್‌ನ ಪಕ್ಕದ ಬಲ ಅಂದ್ರೆ ನೀರಿನ ಸಾಂದ್ರತೆಯ ಅರ್ಧ, ಗುಣಿಸು ವೇಗದ ವರ್ಗ, ಗುಣಿಸು ಫಿನ್‌ನ ವಿಸ್ತೀರ್ಣ, ಗುಣಿಸು ಒಂದು ಗುಣಾಂಕ. 20 ಸೆಂ.ಮೀ. ಉದ್ದ 10 ಸೆಂ.ಮೀ. ಅಗಲದ ಎರಡು ಫಿನ್ ಇಟ್ಕೊಳ್ಳಿ, ಗುಣಾಂಕ 0.5 ಅಂತ ಹಿಡೀರಿ. ಸೆಕೆಂಡಿಗೆ 5 ಮೀಟರ್, ಅಂದ್ರೆ ಗಂಟೆಗೆ 18 ಕಿ.ಮೀ. ವೇಗದಲ್ಲಿ ಥ್ರಾಟಲ್ ಬಿಟ್ಟರೆ ಸಿಗುವ ಬಲ 250 ನ್ಯೂಟನ್, ಸುಮಾರು 25 ಕೆ.ಜಿ. ಭಾರದಷ್ಟು. ಬೋಟಿನ ಹಿಂಭಾಗವನ್ನ ಒಬ್ಬ ಆಳು ಪಕ್ಕಕ್ಕೆ ದೂಡಿದ ಹಾಗೆ. ಚೊಲೋ ಆಯ್ತಲ್ಲ? ಈಗ ವೇಗವನ್ನ ಸೆಕೆಂಡಿಗೆ 1 ಮೀಟರಿಗೆ ಇಳಿಸಿ. ಬಲ ಐದು ಪಟ್ಟಲ್ಲ, 25 ಪಟ್ಟು ಇಳಿದು 10 ನ್ಯೂಟನ್ ಆಗುತ್ತೆ. ಒಂದು ಕೆ.ಜಿ. ಸಕ್ಕರೆ ಪ್ಯಾಕೆಟ್ಟಿನ ಭಾರ. ಜನ ತುಂಬಿದ ಬೋಟಿಗೆ ಅದು ಯಾವ ಲೆಕ್ಕ? ನಿಂತ ನೀರಿನಲ್ಲಿ ಸಾವಕಾಶ ದಂಡೆಗೆ ಹಚ್ಚೋಕೆ ಅಷ್ಟು ಸಾಕು. ಹರಿಯುವ ಹೊಳೆಯಲ್ಲಿ ಸಾಲೋದಿಲ್ಲ.

ಇನ್ನೊಂದು ಮಾತು ಇದಕ್ಕಿಂತ ದೊಡ್ಡದು. ಸೂತ್ರದಲ್ಲಿರುವ ವೇಗ ಹೊಳೆಯ ವೇಗ ಅಲ್ಲ, ದಂಡೆಯಿಂದ ನೋಡಿದಾಗ ಕಾಣುವ ಬೋಟಿನ ವೇಗವೂ ಅಲ್ಲ. ಬೋಟಿಗೂ ನೀರಿಗೂ ನಡುವಿನ ವ್ಯತ್ಯಾಸ. ಹೊಳೆ ಸೆಕೆಂಡಿಗೆ 3 ಮೀಟರ್ ಓಡ್ತಿದೆ, ನಮ್ಮ ಎಂಜಿನ್ ಬಂದ್ ಬಿತ್ತು ಅನ್ನಿ. ಸ್ವಲ್ಪ ಹೊತ್ತಿಗೆ ಬೋಟೂ ಹೊಳೆಯ ಜೊತೆ 3 ಮೀಟರ್ ವೇಗದಲ್ಲಿ ತೇಲುತ್ತೆ. ದಂಡೆಯ ಮೇಲೆ ನಿಂತವರಿಗೆ ಎದೆ ಒಡೆಯುವಷ್ಟು ವೇಗ. ಫಿನ್‌ನ ಪಾಲಿಗೆ ಸೊನ್ನೆ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದ್ರೂ ಒಂದೇ, ಬಲಕ್ಕೆ ತಿರುಗಿಸಿದ್ರೂ ಒಂದೇ. ಎಷ್ಟೇ ದೊಡ್ಡ ಫಿನ್ ಇರಲಿ, ಸೊನ್ನೆಯ ವರ್ಗ ಸೊನ್ನೆ. ಪ್ರವಾಹದಲ್ಲಿ ಎಂಜಿನ್ ಸತ್ತರೆ ಫಿನ್ ಕಾಪಾಡುತ್ತೆ ಅಂತ ಯಾರಾದ್ರೂ ಹೇಳಿದ್ರೆ ಅವರಿಗೆ ಈ ಒಂದು ಸಾಲು ತೋರಿಸಿ.

ನಾವು ಇದನ್ನ ಬೋರ್ಡಿನ ಮೇಲೆ ಬರೆದು ದೊಡ್ಡ ಶೋಧ ಮಾಡಿದ ಹಾಗೆ ಬೀಗ್ತಿದ್ವಿ. ಆಮೇಲೆ ಊರಲ್ಲಿ, ಹಿಂದೆ ತೆಪ್ಪ ಹಾಕುತ್ತಿದ್ದ ಅಜ್ಜ ಒಬ್ಬರಿಗೆ ಸುಮ್ನೆ ಕೇಳಿದ್ವಿ, ಹೊಳೆ ತುಂಬಿದಾಗ ತೆಪ್ಪ ಹೆಂಗ ತಿರುಗಸ್ತಿದ್ರಿ ಅಂತ. ಅವರು ಅಂದದ್ದು: "ಹೊಳಿ ಜೋಡಿ ಹೊಂಟ್ರ ಹೊಳಿ ಹೇಳಿದಂಗ ಕೇಳಬೇಕ, ತಮ್ಮಾ. ಇಲ್ಲಾ ಅದಕಿಂತ ಮುಂದ ಹೋಗಬೇಕ, ಇಲ್ಲಾ ಹಿಂದ ಜಗ್ಗಬೇಕ. ಹುಟ್ಟ ನಿಂದರಸಬಾರದು." ನಮ್ಮ ಮುಖ ನೋಡಬೇಕಿತ್ತು. ಒಂದು ಸೆಮಿಸ್ಟರ್ ಫೀಸ್ ಕೊಟ್ಟು ಕಲಿತದ್ದನ್ನ ಅಜ್ಜ ಎಲಿ ಅಡಿಕಿ ಹಾಕ್ಕೊಳ್ಳೋದರೊಳಗೆ ಹೇಳಿ ಮುಗಿಸಿದ್ದರು.

ಎಂಜಿನ್ ಬಂದ್ ಬೀಳುತ್ತಾ? ನಮ್ಮ ಹೊಳೆಯಲ್ಲಿ ಬೀಳೋದೇ ಜಾಸ್ತಿ ಅಂತ ನಮಗೆ ಅನ್ನಿಸುತ್ತೆ. ಈ ಮೂರೂ ತಾಲ್ಲೂಕು ಕಬ್ಬಿನ ನಾಡು. ಹೊಳೆ ಬಂದ್ರೆ ನೀರಿನ ಮೇಲೆ ಕಬ್ಬಿನ ರವದಿ, ಜೋಳದ ಕಣಿಕಿ, ಪ್ಲಾಸ್ಟಿಕ್ ಚೀಲ, ಸೀರೆ, ಹಗ್ಗ ಎಲ್ಲಾ ಬರುತ್ತೆ. ಜೆಟ್ ಬೋಟು ತಳದಿಂದ ನೀರು ಹೀರುತ್ತೆ ಅಂದ್ವಲ್ಲ, ನೀರಿನ ಜೊತೆ ಅವನ್ನೂ ಹೀರುತ್ತೆ. ಜಾಲರಿಗೆ ರವದಿ ಮೆತ್ತಿಕೊಂಡರೆ ಎಂಜಿನ್ ಓಡ್ತಾನೇ ಇರುತ್ತೆ, ನಾಝಲ್‌ನಿಂದ ನೀರು ಬರೋದಿಲ್ಲ. ಸದ್ದು ಜೋರು, ಕೆಲಸ ಇಲ್ಲ. ನಮ್ಮ ಮಾದರಿ ಬೋಟಿಗೆ ಹೊಂಡದ ಒಂದು ಹಿಡಿ ಪಾಚಿ ಸಾಕಾಗಿತ್ತು. ಮತ್ತೆ, ಕೆಳಗೆ ಚಾಚಿದ ಫಿನ್‌ಗೂ ಅದೇ ರವದಿ ಸುತ್ತಿಕೊಳ್ಳುತ್ತೆ. ಮುಂಚಿನ ಅಂಚು ನೆಟ್ಟಗೆ ಇರುವ ಫಿನ್‌ಗಿಂತ ಹಿಂದಕ್ಕೆ ಓರೆಯಾಗಿ ಇಳಿದ ಫಿನ್ ವಾಸಿ, ಕಸ ಜಾರಿ ಹೋಗುತ್ತೆ. ಈ ಒಂದು ವಿಷಯದಲ್ಲಿ ಮಾತ್ರ ನೋಡೋಕೆ ಸ್ಟೈಲಾಗಿರೋದೇ ಕೆಲಸಕ್ಕೂ ಒಳ್ಳೆಯದು.

ನಮ್ಮನ್ನ ಅಡ್ವಾನ್ಸಿಗಿಂತ ಮುಂಚೆ ಕೇಳಿದ್ದರೆ ಜೆಟ್ ಬೋಟೇ ಬೇಡ ಅಂತಿದ್ವಿ. ರಬ್ಬರ್ ಬೋಟು, ಹಿಂದೆ ಔಟ್‌ಬೋರ್ಡ್ ಮೋಟರ್, ಅದರ ಪ್ರೊಪೆಲ್ಲರಿಗೆ ಸುತ್ತ ಗಾರ್ಡ್. ಎನ್‌ಡಿಆರ್‌ಎಫ್‌ನವರು ತರೋದು ಅಂಥ ರಬ್ಬರ್ ಬೋಟನ್ನೇ. ಪ್ರೊಪೆಲ್ಲರಿಗೆ ಕಸ ಸುತ್ತಿದ್ರೆ ಮೋಟರ್ ಎತ್ತಿ ಕೈಯಲ್ಲೇ ಬಿಡಿಸಬಹುದು, ಜೆಟ್‌ನಲ್ಲಿ ತಳಕ್ಕೆ ಕೈ ಹಾಕಬೇಕು. ಥ್ರಾಟಲ್ ಬಿಟ್ಟರೂ ಮೋಟರಿನ ಕೆಳಭಾಗವೇ ಅಷ್ಟಿಷ್ಟು ಚುಕ್ಕಾಣಿ ಕೆಲಸ ಮಾಡುತ್ತೆ. ಔಟ್‌ಬೋರ್ಡಿಗೇ ಜೆಟ್ ಕೂಡಿಸೋದೂ ಉಂಟು, ಅದರಲ್ಲಿ ಶಕ್ತಿಯ ಸುಮಾರು 30 ಶೇಕಡಾ ಕೈಬಿಡಬೇಕು. ಜೆಟ್‌ನ ಪರವಾಗಿ ಹೇಳಬೇಕಾದ ದೊಡ್ಡ ಮಾತು ಒಂದಿದೆ, ಅದನ್ನ ಮುಚ್ಚಿಡಬಾರದು: ನೀರಿನಲ್ಲಿ ಬಿದ್ದವರನ್ನ ಎತ್ತುವಾಗ ಹೊರಗೆ ತಿರುಗುವ ಬ್ಲೇಡ್ ಇರೋದಿಲ್ಲ. ಮನುಷ್ಯರಿಗೂ ದನಕ್ಕೂ ಅದು ದೊಡ್ಡ ನೆಮ್ಮದಿ. ಆದ್ರೆ ಆ ನೆಮ್ಮದಿಯ ಜಾಗಕ್ಕೇ ನಾವು ಅಲ್ಯೂಮಿನಿಯಂ ತಗಡು ಇಳಿಬಿಡ್ತಿದ್ದೀವಿ ಅನ್ನೋದು ನೆನಪಿರಬೇಕು. ಜನ ಬೋಟು ಹತ್ತೋದು ಹಿಂದಿನಿಂದ, ಕಾಲು ತಾಗೋದು ಅಲ್ಲೇ. ಕಾಕಾನ ಶೀಟನ್ನ ಸೀಳಿದ ಅಂಚು ಯಾರದೋ ಮೊಣಕಾಲನ್ನ ಸೀಳಬಾರದು. ಅಂಚು ಗುಂಡಾಗಿರಬೇಕು, ಗಟ್ಟಿ ಪ್ಲಾಸ್ಟಿಕ್ಕಿನದು ಸಿಕ್ಕರೆ ಲೋಹಕ್ಕಿಂತ ಅದೇ ಇರಲಿ.

ಉಳಿದದ್ದು ಸಣ್ಣ ಸಣ್ಣ ಸಂಗತಿ, ಆದ್ರೆ ಮೆಕ್ಯಾನಿಕ್ ಮರೆತರೆ ದೊಡ್ಡದಾಗುತ್ತೆ. ನಾಝಲ್‌ನ ಹಿಂದೆ ರಿವರ್ಸ್ ಬಕೆಟ್ ಇಳಿಯುತ್ತೆ, ಅದು ಇಳಿದಾಗ ಫಿನ್‌ಗೆ ತಾಗಬಾರದು. ಸ್ಟೀರಿಂಗನ್ನ ಎರಡೂ ಕಡೆ ಪೂರ್ತಿ ತಿರುಗಿಸಿ, ಬಕೆಟ್ ಇಳಿಸಿ, ಏರಿಸಿ ನೋಡಬೇಕು. ಸ್ಕ್ರೂ ಅಲ್ಲ, ಆರುಪಾರು ಹೋಗುವ ಬೋಲ್ಟ್, ಲಾಕ್ ನಟ್. ಫಿನ್ ಬಂದ ಮೇಲೆ ಸ್ಟೀರಿಂಗ್ ಕೇಬಲ್ ಮೇಲೆ ಭಾರ ಹೆಚ್ಚಾಗುತ್ತೆ, ಉಪ್ಪುನೀರಲ್ಲಿ ತುಕ್ಕು ಹಿಡಿದ ಹಳೇ ಕೇಬಲ್ ಆದ್ರೆ ಫಿನ್‌ಗಿಂತ ಮುಂಚೆ ಅದನ್ನ ಬದಲಿಸಬೇಕು. ಟ್ರೇಲರ್ ಮೇಲೆ ಏರಿಸುವಾಗ ಫಿನ್ ನೆಲಕ್ಕೆ ಬಡೀಬಾರದು.

ನಾವು ಇಷ್ಟೆಲ್ಲಾ ಹೇಳಿದಾಗ ಮಂಡಳಿಯ ಒಬ್ಬ ಅಣ್ಣ ಸ್ವಲ್ಪ ಬೇಜಾರಾಗಿ, "ಫಿನ್ ಕೇಳಿದ್ರ ನೀವ ಬೋಟಿಗೇ ಕಲ್ಲ ಹಾಕಾಕತ್ತೀರಲ್ಲಾ" ಅಂದ. ಕಲ್ಲು ಹಾಕೋಕೆ ಅಲ್ಲ. 2019ರ ಅದೇ ಆಗಸ್ಟಿನಲ್ಲಿ ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ಕೃಷ್ಣೆಯ ಪ್ರವಾಹದಿಂದ ಜನರನ್ನ ದಾಟಿಸ್ತಿದ್ದ ಬೋಟು ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅದರಲ್ಲಿ ಅಳತೆ ಮೀರಿ ಜನ ಇದ್ದರು. ಅದೇ ತಿಂಗಳು ತುಂಗಭದ್ರೆಯ ವಿರೂಪಾಪುರ ಗಡ್ಡೆಯಲ್ಲಿ ರಕ್ಷಣೆಗೆ ಹೋದ ಬೋಟೇ ಮಗುಚಿ, ತರಬೇತಿ ಪಡೆದ ಸಿಬ್ಬಂದಿಯನ್ನೇ ಮತ್ತೊಬ್ಬರು ರಕ್ಷಿಸಬೇಕಾಯಿತು. ಈ ಎರಡೂ ಕಡೆ ಕೊರತೆ ಇದ್ದದ್ದು ಫಿನ್‌ದಲ್ಲ. "ಹ್ಯಾಂಡ್ಲಿಂಗ್ ಸುಧಾರಿಸುತ್ತೆ" ಅನ್ನೋ ಮಾತು ನಮ್ಮ ಮಂಡಳಿಯ ಹುಡುಗರ ಕಿವಿಗೆ "ಇನ್ನು ಹೆದರಿಕೆ ಇಲ್ಲ" ಅಂತ ಕೇಳಿಸಿದ್ರೆ ಅವರು ಇನ್ನೂ ನಾಲ್ಕು ಜನರನ್ನ ಹತ್ತಿಸ್ತಾರೆ, ಇನ್ನೂ ಸ್ವಲ್ಪ ಆಳಕ್ಕೆ ಹೋಗ್ತಾರೆ. ಬೈಕಿಗೆ ಡಿಸ್ಕ್ ಬ್ರೇಕ್ ಬಂದ ಮೇಲೆ ನಮ್ಮ ಹಾಸ್ಟೆಲ್ ಹುಡುಗರು ಮೆಲ್ಲಗೆ ಓಡಿಸೋಕೆ ಶುರು ಮಾಡಿದ್ರಾ? ನೀವೇ ಹೇಳಿ.

ಆದ್ದರಿಂದ ನಾವು ಬರೆದು ಕೊಟ್ಟದ್ದು ಹೀಗೆ. ಫಿನ್ ಹಾಕಿಸ್ರಿ, ಬೇಡ ಅನ್ನಲ್ಲ. ಮಡಚುವಂಥದ್ದು, ಓರೆ ಅಂಚಿನದು, ಮಧ್ಯಮ ಅಳತೆಯದು. ಅದು ಥ್ರಾಟಲ್ ಬಿಟ್ಟ ಮೊದಲ ಎರಡು ಮೂರು ಸೆಕೆಂಡಿಗೆ ಮತ್ತು ದಂಡೆಗೆ ಹಚ್ಚುವಾಗಿನ ಓಲಾಟಕ್ಕೆ. ಅದಕ್ಕಿಂತ ಮುಂಚೆ ನಾಲ್ಕು ಹುಟ್ಟು, ಎರಡು ಉದ್ದ ಬಿದಿರು ಗಳ, ಲಂಗರು ಮತ್ತು ಹಗ್ಗ, ಪ್ರತಿ ತಲೆಗೊಂದು ಲೈಫ್ ಜಾಕೆಟ್. ದುಡ್ಡು ಕಡಿಮೆ ಬಿದ್ದರೆ ಬಿಡಬೇಕಾದದ್ದು ಫಿನ್, ಹುಟ್ಟಲ್ಲ. ಒಳನಾಡು ಹಡಗುಗಳ ಕಾಯ್ದೆ 2021ರ ಪ್ರಕಾರ ಬೋಟಿನ ನೋಂದಣಿ ಏನಾಗಬೇಕು ಅಂತ ವಿಚಾರಿಸ್ರಿ. ಮಳೆಗಾಲಕ್ಕಿಂತ ಮುಂಚೆ, ಪರವಾನಗಿ ತಗೊಂಡು, ಹಿಡಕಲ್ ಹಿನ್ನೀರಿನಂಥ ನಿಂತ ನೀರಿನಲ್ಲಿ ಓಡಿಸಿ ನೋಡ್ರಿ. ಜನರ ಬದಲು ಮರಳಿನ ಚೀಲ ಹೇರಿ, ಬೇರೆ ಬೇರೆ ವೇಗದಲ್ಲಿ ಥ್ರಾಟಲ್ ಬಿಟ್ಟು ಸ್ಟೀರಿಂಗ್ ತಿರುಗಿಸಿ, ಎಷ್ಟು ದೂರ ನೆಟ್ಟಗೆ ಜಾರುತ್ತೆ ಅಂತ ಅಳೆದು ಬರ್ಕೊಳ್ರಿ. ಮೊದಲು ಫಿನ್ ಇಲ್ಲದೆ, ಆಮೇಲೆ ಫಿನ್ ಹಾಕಿ. ಓಡಿಸುವ ಇಬ್ಬರು ಹುಡುಗರು ಹೆದರಿಕೆ ಬಂದಾಗ ಥ್ರಾಟಲ್ ಬಿಡದೆ, ಅದನ್ನ ಕೊಟ್ಟು ತಿರುಗಿಸೋದು ಕೈಗೆ ಹತ್ತುವವರೆಗೆ ಹೊಳೆಗೆ ಇಳೀಬಾರದು. ಮೂಡಲಗಿಯವನು ಇದೆಲ್ಲದರ ಕೆಳಗೆ ಒಂದು ಸಾಲು ಸೇರಿಸಿದ: ತೆಪ್ಪದ ಅಜ್ಜನನ್ನೂ ಕರ್ಕೊಂಡು ಹೋಗ್ರಿ.

ಮಂಡಳಿಯವರು ಹುಟ್ಟು, ಜಾಕೆಟ್ಟು ತಂದಿದ್ದಾರೆ ಅಂತ ಮೊನ್ನೆ ಫೋನ್ ಬಂತು. ಫಿನ್ ಆರ್ಡರ್ ಮಾಡಿದ್ದಾರಂತೆ, ಯಾವುದು ಅಂತ ಕೇಳಿದ್ವಿ. ಲಿಂಕ್ ಕಳಿಸಿದರು. ಮಡಚುವಂಥದ್ದೇ. ಕೆಂಪು ಬಣ್ಣದ್ದು ಮುನ್ನೂರು ರೂಪಾಯಿ ಜಾಸ್ತಿ, ಆದರೂ ಅದನ್ನೇ ತಗೊಂಡಿದ್ದಾರೆ. ಕಾಕಾ ಮಾತ್ರ ಟ್ರಯಲ್‌ಗೆ ಹೊಂಡ ಕೊಡೋದಿಲ್ಲ ಅಂತ ಮುಂಚೆಯೇ ಹೇಳಿ ಕಳಿಸಿದ್ದಾರೆ.